ಘಾಟಿಯಲ್ಲಿ ಕಾದು ನಿಲ್ಲುವ ಹಳೆಯ ಬುಲೆಟ್: ಹೆಡ್ ಬಿಚ್ಚುವ ಮೊದಲು

ಪ್ರಶ್ನೆ: ನನ್ನ ಬಳಿ ತಂದೆಯವರು ಕೊಂಡಿದ್ದ 1986ರ ಬುಲೆಟ್ 350 ಇದೆ. ಪಿಸ್ಟನ್ ಓಡಾಡುವ ಬ್ಯಾರಲ್ ಕಬ್ಬಿಣದ್ದಾಗಿರುವ ಹಳೆಯ ಎಂಜಿನ್. ಹೋದ ವರ್ಷ ಬ್ಯಾರಲ್ ಮೇಲಿನ ಹೆಡ್ ಬಿಚ್ಚಿಸಿ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಮತ್ತು ವಾಲ್ವ್‌ಗಳ ಕಾಂಡ ಜಾರುವ ಎರಡೂ ಗೈಡ್‌ಗಳನ್ನು ಹೊಸದಾಗಿ ಹಾಕಿಸಿದೆ. ಕೆಲವು ದಿನಗಳ ಬಳಿಕ ಟ್ಯಾಪೆಟ್ (ವಾಲ್ವ್‌ಗೆ ಚಲನೆ ಕೊಡುವ ಭಾಗ) ಸದ್ದು ಜಾಸ್ತಿ ಎನಿಸಿತು. ಗಾಡಿ ಓಡಿಸಿಕೊಂಡು ಹೋಗಿ ತೋರಿಸಿದಾಗ ಅಲ್ಲೇ ಹತ್ತು ನಿಮಿಷದಲ್ಲಿ ಸದ್ದು ನಿಲ್ಲಿಸಿಕೊಟ್ಟರು. ಈಗ ಬೆಳಿಗ್ಗೆ ಸ್ಟಾರ್ಟ್ ಆಗಲು ಏಳೆಂಟು ಕಿಕ್ ಬೇಕು. ಊರೊಳಗೆ ಚೆನ್ನಾಗಿಯೇ ಓಡುತ್ತದೆ. ಆದರೆ ಹೆಬ್ರಿಯಿಂದ ಆಗುಂಬೆ ಘಾಟಿ ಹತ್ತುವಾಗ ಅರ್ಧ ದಾರಿಯಲ್ಲಿ ಎಳೆತ ಕುಗ್ಗಿ, ಎಂಜಿನ್ ವಿಪರೀತ ಕಾದು ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ. ಒಬ್ಬರು ಬೋರ್ ಮಾಡಿಸಿ ಪಿಸ್ಟನ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಹೊಸ ಹೆಡ್ಡೇ ಹಾಕಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ಬೋರ್ ಮಾಡಿಸುವುದೆಂದರೆ ಬ್ಯಾರಲ್‌ನ ಕಬ್ಬಿಣವನ್ನು ಕೆರೆದು ತೆಗೆಯುವುದು. ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಬೋರ್ ಸವೆದದ್ದರ ಗುರುತಾದ ಹೊಗೆಯ ಮಾತು ನಿಮ್ಮ ಪತ್ರದಲ್ಲಿಲ್ಲ, ಎಣ್ಣೆ ಇಳಿಯುವ ಮಾತೂ ಇಲ್ಲ. ಆದರೆ ನೀವು ಹೆಚ್ಚು ಯೋಚಿಸದೆ ಬರೆದ ಎರಡು ಸಂಗತಿಗಳು ನನ್ನ ಗಮನವನ್ನು ಹಿಡಿದು ನಿಲ್ಲಿಸಿದವು. ಒಂದು, ಓಡಿಸಿಕೊಂಡು ಹೋದ ಬಿಸಿ ಎಂಜಿನ್‌ನಲ್ಲೇ ಟ್ಯಾಪೆಟ್ ಸದ್ದು ನಿಲ್ಲಿಸಿದ್ದು. ಇನ್ನೊಂದು, ಅದಾದ ಮೇಲೆ ಬೆಳಗಿನ ಕಿಕ್ ಹೆಚ್ಚಾದದ್ದು. ನಿಮ್ಮ ತೊಂದರೆಯ ಬೇರು ಬಹುಪಾಲು ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಅನಿಸಿಕೆಯ ಮೇಲೆ ಹಣ ಖರ್ಚು ಮಾಡಬಾರದು, ಆದ್ದರಿಂದ ಅದನ್ನು ಸಾಬೀತು ಮಾಡಿಕೊಳ್ಳುವ ದಾರಿಯನ್ನೂ ಹೇಳುತ್ತೇನೆ.

ಮೊದಲು ವಾಲ್ವ್‌ಗೂ ಶಾಖಕ್ಕೂ ಇರುವ ನಂಟು ಅರ್ಥವಾಗಬೇಕು. ವಾಲ್ವ್ ಕೆಟ್ಟರೆ ಎಂಜಿನ್ ಕಾಯುತ್ತದೆ, ಎಂಜಿನ್ ಕಾದರೆ ವಾಲ್ವ್ ಕೆಡುತ್ತದೆ. ಎಕ್ಸಾಸ್ಟ್ ವಾಲ್ವ್ ಉರಿಯುವ ಅನಿಲದ ನಡುವೆಯೇ ಬದುಕಬೇಕಾದ ಭಾಗ. ಭಾರ ಎಳೆಯುವಾಗ ಅದರ ತಲೆ 600-700 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಅದಕ್ಕೆ ನೇರವಾಗಿ ಗಾಳಿಯೂ ತಾಗುವುದಿಲ್ಲ, ನೀರೂ ಇಲ್ಲ. ಅದು ಮುಖ್ಯವಾಗಿ ತಣಿಯುವುದು ಹೆಡ್‌ನಲ್ಲಿರುವ ತನ್ನ ಸೀಟಿನ ಮೇಲೆ ಗಟ್ಟಿಯಾಗಿ ಕೂತಾಗ. ಅದರ ಶಾಖದ ಸುಮಾರು ಮುಕ್ಕಾಲು ಪಾಲು ಸೀಟಿನ ಮೂಲಕ ಹೆಡ್‌ಗೆ ಹೋಗುತ್ತದೆ, ಉಳಿದದ್ದು ಕಾಂಡದಿಂದ ಗೈಡ್‌ಗೆ. ಎಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿದ್ದರೆ ವಾಲ್ವ್ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತಿರುತ್ತದೆ. ಆ 25 ಸಲವೂ ಅದು ಪೂರ್ತಿ ಕೂರಬೇಕು. ಕೂದಲೆಳೆಯಷ್ಟು ತೆರೆದುಕೊಂಡೇ ಉಳಿದರೂ ಎರಡು ಅನಾಹುತಗಳು ಒಟ್ಟಿಗೆ ಆಗುತ್ತವೆ: ಶಾಖ ಹೊರಹೋಗುವ ಹಾದಿ ಮುಚ್ಚುತ್ತದೆ, ಆ ಸಂದಿನಲ್ಲೇ ಬೆಂಕಿ ನುಗ್ಗಿ ವಾಲ್ವ್‌ನ ಅಂಚನ್ನು ಸುಡತೊಡಗುತ್ತದೆ.

ವಾಲ್ವ್ ಕೂರಬೇಕಾದರೆ ಪುಶ್‌ರಾಡ್, ಅಂದರೆ ಟ್ಯಾಪೆಟ್‌ನ ಚಲನೆಯನ್ನು ಮೇಲಕ್ಕೆ ಒಯ್ಯುವ ಕಡ್ಡಿ, ಅದನ್ನು ಒತ್ತಿ ಹಿಡಿದಿರಬಾರದು. ನಿಮ್ಮ ಎಂಜಿನ್‌ನಲ್ಲಿ ಟ್ಯಾಪೆಟ್ ಹೊಂದಿಸುವ ಕ್ರಮವೇ ವಿಶಿಷ್ಟ. ಅನೇಕ ಬೈಕ್‌ಗಳಲ್ಲಿ ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ಹಾಕಿ ಅಂತರ ನೋಡುತ್ತಾರೆ. ಹಳೆಯ ಬುಲೆಟ್‌ನಲ್ಲಿ ಎಂಜಿನ್ ಪೂರ್ತಿ ತಣ್ಣಗಿರುವಾಗ ಪುಶ್‌ರಾಡ್ ಮೇಲೆ ಕೆಳಗೆ ಅಲ್ಲಾಡಬಾರದು, ಆದರೆ ಎರಡು ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು. ಎಂಜಿನ್ ಕಾದಂತೆ ಬ್ಯಾರಲ್ ಮತ್ತು ಹೆಡ್ ಹಿಗ್ಗಿ ಎತ್ತರವಾಗುತ್ತವೆ, ಅಂತರ ತಾನಾಗಿ ತುಸು ತೆರೆದುಕೊಳ್ಳುತ್ತದೆ. ಬಿಸಿಯಾದ ಬುಲೆಟ್ ಸಣ್ಣಗೆ ಟಿಕ್ ಟಿಕ್ ಎನ್ನುವುದು ಇದೇ ಕಾರಣಕ್ಕೆ. ಅದು ರೋಗವಲ್ಲ, ಎಂಜಿನ್ ಉಸಿರಾಡುವ ಸದ್ದು.

ನಿಮ್ಮ ಗಾಡಿಯ ಟ್ಯಾಪೆಟ್ಟನ್ನು ಬಿಸಿಯಲ್ಲೇ ಸದ್ದು ಅಡಗುವವರೆಗೆ ಏರಿಸಿದ್ದಾರೆ. ಅದು ರಾತ್ರಿಯಿಡೀ ತಣಿದಾಗ ಏನಾಗುತ್ತದೆ? ಹಿಗ್ಗಿದ್ದ ಬ್ಯಾರಲ್ ಕುಗ್ಗುತ್ತದೆ, ಪುಶ್‌ರಾಡ್ ಬಿಗಿಯಾಗಿ ವಾಲ್ವ್ ತುಸು ತೆರೆದೇ ನಿಲ್ಲುತ್ತದೆ. ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದ ಅನಿಲದ ಒತ್ತಡ, ಸೋರುತ್ತದೆ, ಬೆಳಿಗ್ಗೆ ಏಳೆಂಟು ಕಿಕ್ ಬೇಕಾಗುತ್ತದೆ. ಹೇಗೋ ಸ್ಟಾರ್ಟ್ ಆಗಿ ಬೆಚ್ಚಗಾದರೆ ಅಂತರ ಸ್ವಲ್ಪ ತೆರೆದು ಊರೊಳಗೆ ಚೆನ್ನಾಗಿ ಓಡುತ್ತದೆ. ಘಾಟಿ ಶುರುವಾದರೆ ಕಥೆ ತಿರುಗುತ್ತದೆ. ಸೋಮೇಶ್ವರದಿಂದ ಮೇಲಕ್ಕೆ 14 ತಿರುವು, ಎಲ್ಲವನ್ನೂ ಎರಡನೆಯ ಗೇರ್‌ನಲ್ಲಿ, ಥ್ರಾಟಲ್ ತೆರೆದು, ಎದುರುಗಾಳಿಯೇ ಇಲ್ಲದ ವೇಗದಲ್ಲಿ ಹತ್ತಬೇಕು. ಆಗ ಎಕ್ಸಾಸ್ಟ್ ವಾಲ್ವ್ ಬ್ಯಾರಲ್‌ಗಿಂತ ಎಷ್ಟೋ ಹೆಚ್ಚು ಕಾದು, ಅದರ ಕಾಂಡವೇ ಉದ್ದವಾಗಿ, ಇದ್ದ ಅಲ್ಪ ಅಂತರವನ್ನೂ ನುಂಗುತ್ತದೆ. ತಣ್ಣಗಿದ್ದಾಗ ಒಂದು ತೊಂದರೆ, ವಿಪರೀತ ಕಾದಾಗ ಇನ್ನೊಂದು, ನಡುವೆ ಮಾತ್ರ ಸುಖ. ನಿಮ್ಮ ಪತ್ರದಲ್ಲಿರುವುದು ಇದೇ ಲಕ್ಷಣ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಅಡಿಕೆ ತೋಟದ ಯಜಮಾನರೊಬ್ಬರು ತಮ್ಮ ಬುಲೆಟ್ ತಂದು ಸದ್ದು ನಿಲ್ಲಿಸಿಕೊಡು ಎಂದರು. ಗಾಡಿ ಬಿಸಿಯಾಗಿತ್ತು. ನಾನು ಟ್ಯಾಪೆಟ್ ಏರಿಸಿದೆ, ಸದ್ದು ಹೋಯಿತು, ಅವರು ಸಂತೋಷದಿಂದ ಹೋದರು. ಮೂರು ತಿಂಗಳ ನಂತರ ಅದೇ ಗಾಡಿ ಪಿಕಪ್ ವಾಹನದಲ್ಲಿ ಬಂತು. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ವಾಲ್ವ್‌ನ ಅಂಚಿನಲ್ಲಿ ಇಲಿ ಕಡಿದಂತೆ ಒಂದು ತುಂಡು ಸುಟ್ಟು ಹೋಗಿತ್ತು. ಆ ವಾಲ್ವನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ, ಕೆಲಸಕ್ಕೆ ಬರುವ ಹುಡುಗರಿಗೆ ಮೊದಲ ದಿನವೇ ತೋರಿಸುತ್ತೇನೆ. ಸಡಿಲ ಟ್ಯಾಪೆಟ್ ಕಿವಿಗೆ ಕಿರಿಕಿರಿ ಮಾಡುತ್ತದೆ, ಬಹಳ ಸಡಿಲವಾದರೆ ತನ್ನನ್ನು ಎತ್ತುವ ಕ್ಯಾಮ್ ಸವೆಸುತ್ತದೆ. ಬಿಗಿ ಟ್ಯಾಪೆಟ್ ಒಂದು ಸದ್ದೂ ಮಾಡದೆ ವಾಲ್ವನ್ನು ಸುಡುತ್ತದೆ.

ಆದರೆ ಇನ್ನೊಂದು ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ನೀವು ಗೈಡ್‌ಗಳನ್ನು ಹೊಸದಾಗಿ ಹಾಕಿಸಿದ್ದೀರಿ. ಗೈಡನ್ನು ಹೆಡ್‌ಗೆ ಒತ್ತಿ ಕೂರಿಸಿದಾಗ ಅದರ ಒಳತೂತು ತುಸು ಕಿರಿದಾಗುತ್ತದೆ. ಕೂರಿಸಿದ ಮೇಲೆ ತೂತು ಕೆರೆಯುವ ರೀಮರ್ ಹಾಕಿ ಅಳತೆಗೆ ತರಲೇಬೇಕು. ಎಕ್ಸಾಸ್ಟ್ ವಾಲ್ವ್ ಹೆಚ್ಚು ಕಾಯುವುದರಿಂದ ಅದರ ಗೈಡ್‌ಗೆ, ಪೆಟ್ರೋಲ್ ಒಳಬಿಡುವ ಇನ್‌ಲೆಟ್‌ಗಿಂತ ಹೆಚ್ಚಿನ ಸಡಿಲು ಬೇಕು. ಕೆಲವರು ಈ ಹೆಜ್ಜೆಯನ್ನು ಬಿಟ್ಟುಬಿಡುತ್ತಾರೆ, ಇನ್ನು ಕೆಲವರು ಎರಡಕ್ಕೂ ಒಂದೇ ರೀಮರ್ ಹಾಕುತ್ತಾರೆ. ಅಂಥ ವಾಲ್ವ್ ತಣ್ಣಗಿದ್ದಾಗ ಸರಿಯಾಗಿಯೇ ಓಡಾಡುತ್ತದೆ. ಘಾಟಿಯ ಶಾಖಕ್ಕೆ ಕಾಂಡ ಹಿಗ್ಗಿದಾಗ ಗೈಡ್‌ನೊಳಗೆ ಸಿಕ್ಕಿಹಾಕಿಕೊಂಡು ತೆರೆದಲ್ಲೇ ನಿಲ್ಲುತ್ತದೆ. ತಣಿದರೆ ತಾನಾಗಿ ಬಿಡುತ್ತದೆ. ಘಾಟಿಯಲ್ಲಿ ನಿಮಗೆ ಕಾಣುವ ಲಕ್ಷಣ ಎರಡರಲ್ಲೂ ಒಂದೇ. ವ್ಯತ್ಯಾಸ ಇರುವುದು ಬೆಳಗಿನ ಕಿಕ್‌ನಲ್ಲಿ: ಗೈಡ್ ಬಿಗಿಯಾಗಿದ್ದರೆ ಬೆಳಿಗ್ಗೆ ಸ್ಟಾರ್ಟ್ ಆಗಲು ತೊಂದರೆ ಇರಬಾರದು. ನಿಮಗಿದೆ. ಆದ್ದರಿಂದಲೇ ನನ್ನ ಒಲವು ಟ್ಯಾಪೆಟ್ ಕಡೆಗೆ.

ಈ ಎರಡರ ನಡುವೆ ತೀರ್ಪು ಕೊಡುವ ಪರೀಕ್ಷೆಯೊಂದಿದೆ. ಅದನ್ನು ಗಾಡಿ ಕೈಕೊಟ್ಟ ಜಾಗದಲ್ಲೇ, ಎರಡು ಮೂರು ನಿಮಿಷದೊಳಗೆ ಮಾಡಬೇಕು. ಮೆಕ್ಯಾನಿಕ್ ಬಳಿಗೆ ತಲುಪುವಷ್ಟರಲ್ಲಿ ಎಂಜಿನ್ ತಣಿದು ಸಾಕ್ಷಿ ಅಳಿಸಿಹೋಗಿರುತ್ತದೆ. ಟ್ಯಾಪೆಟ್ ಮುಚ್ಚಳಕ್ಕೆ ಹೊಂದುವ ಸ್ಪಾನರ್, ದಪ್ಪ ಹತ್ತಿಯ ಕೈಗವಸು, ಒಂದು ಹೆಚ್ಚುವರಿ ಪ್ಲಗ್, ಒರೆಸುವ ಬಟ್ಟೆ ಜೊತೆಗಿರಲಿ. ಘಾಟಿಯಲ್ಲಿ ಜಾಗವಿರುವ ಕಡೆ, ತಿರುವಿನಿಂದ ದೂರ ನಿಲ್ಲಿಸಿ, ಸೆಂಟರ್ ಸ್ಟ್ಯಾಂಡ್ ಹಾಕಿ.

ಮೊದಲು, ಕಂಪ್ರೆಷನ್ ಬಿಡಿಸುವ ಡಿಕಂಪ್ರೆಸರ್ ಮುಟ್ಟದೆ ಕಿಕ್ಕರ್ ಮೇಲೆ ನಿಧಾನವಾಗಿ ಭಾರ ಹಾಕಿ. ಆರೋಗ್ಯವಾಗಿರುವ ಬುಲೆಟ್ ಕಂಪ್ರೆಷನ್ ಟಾಪ್‌ನ (ಅನಿಲವನ್ನು ಒತ್ತುತ್ತಾ ಪಿಸ್ಟನ್ ಪೂರ್ತಿ ಮೇಲೆ ಬರುವ ಜಾಗ) ಹತ್ತಿರ ನಿಮ್ಮನ್ನು ತಡೆದು, ಕೆಲವು ಸೆಕೆಂಡು ಹೊತ್ತುಕೊಂಡು ನಿಲ್ಲುತ್ತದೆ. ಕಾಲು ಸಲೀಸಾಗಿ ಕೆಳಗಿಳಿದರೆ ಕಂಪ್ರೆಷನ್ ಎಲ್ಲೋ ಸೋರುತ್ತಿದೆ. ಎಲ್ಲಿಂದ ಎಂದು ಕಿವಿ ಹೇಳುತ್ತದೆ. ಕಾರ್ಬ್ಯುರೇಟರ್ ಬಾಯಲ್ಲಿ ಚುಸ್ ಎಂದರೆ ಇನ್‌ಲೆಟ್ ವಾಲ್ವ್. ಸೈಲೆನ್ಸರ್‌ನಲ್ಲಿ ಎಂದರೆ ಎಕ್ಸಾಸ್ಟ್ ಅಥವಾ ಡಿಕಂಪ್ರೆಸರ್. ಎಂಜಿನ್‌ನ ಒಳಗಾಳಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಬುಸುಗುಟ್ಟಿದರೆ ಪಿಸ್ಟನ್ ರಿಂಗ್. ನಿಮ್ಮ ಗಾಡಿಯಲ್ಲಿ ಸದ್ದು ಸೈಲೆನ್ಸರ್ ಕಡೆಯಿಂದ ಬರುತ್ತದೆ ಎಂಬುದು ನನ್ನ ನಿರೀಕ್ಷೆ. ಡಿಕಂಪ್ರೆಸರ್ ಎಂದೆನಲ್ಲ, ಅದನ್ನು ಮನೆಯಲ್ಲೇ ನೋಡಿಕೊಂಡು ಹೊರಡಿ. ಅದು ಹೆಡ್‌ನಲ್ಲಿರುವ ಪುಟ್ಟ ವಾಲ್ವ್. ಕೇಬಲ್ ಬಿಗಿಯಾಗಿದ್ದರೆ ಅದೂ ಸದಾ ಸೋರುತ್ತದೆ. ಹ್ಯಾಂಡಲ್ ಮೇಲಿನ ಲಿವರ್‌ನಲ್ಲಿ ಸ್ವಲ್ಪ ಸಡಿಲು ಇರಲೇಬೇಕು. ಈ ಒಂದು ಕೇಬಲ್‌ನಿಂದಾಗಿ ಹೆಡ್ ಬಿಚ್ಚಿಸಿಕೊಂಡ ಗಾಡಿಗಳನ್ನು ನಾನು ಕಂಡಿದ್ದೇನೆ.

ಈಗ ಕಂಪ್ರೆಷನ್ ಟಾಪ್ ಹುಡುಕಬೇಕು. ಕಂಪ್ರೆಷನ್ನೇ ಇಲ್ಲದಾಗ ಕಾಲಿಗೆ ಅದು ತಿಳಿಯುವುದಿಲ್ಲ, ಆದರೆ ಹಳೆಯ ಬುಲೆಟ್‌ನಲ್ಲಿ ವಿದ್ಯುತ್ ಹರಿವು ತೋರಿಸುವ ಆಂಪಿಯರ್ ಮೀಟರ್ ಹೇಳಿಬಿಡುತ್ತದೆ. ಪ್ಲಗ್ ಕ್ಯಾಪ್ ಕಿತ್ತು ಅದಕ್ಕೆ ಹೆಚ್ಚುವರಿ ಪ್ಲಗ್ ಸಿಕ್ಕಿಸಿ ಹೆಡ್‌ನ ಲೋಹಕ್ಕೆ ತಾಗಿಸಿಡಿ. ಎಂಜಿನ್‌ನ ಪ್ಲಗ್ ಅದರ ಜಾಗದಲ್ಲೇ ಇರಲಿ. ದೀಪಗಳೆಲ್ಲ ಆರಿರಲಿ. ಇಗ್ನಿಷನ್ ಹಾಕಿ ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತುತ್ತಾ ಹೋಗಿ. ಪಾಯಿಂಟ್ (ತೆರೆದಾಗ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್) ಮುಚ್ಚಿರುವಾಗ ಮೀಟರ್‌ನ ಮುಳ್ಳು ಒಂದು ಕಡೆಗೆ ವಾಲಿರುತ್ತದೆ, ತೆರೆದ ಕ್ಷಣ ನಡುವಿಗೆ ಬರುತ್ತದೆ. ಈ ಎಂಜಿನ್‌ನಲ್ಲಿ ಪಾಯಿಂಟ್ ತೆರೆಯುವುದು ಎರಡು ಸುತ್ತಿಗೆ ಒಂದೇ ಬಾರಿ, ಅದೂ ಕಂಪ್ರೆಷನ್ ಟಾಪ್‌ನ ಬಳಿಯಲ್ಲಿ. ಮುಳ್ಳು ನಡುವಿಗೆ ಬಂದಲ್ಲಿ ನಿಲ್ಲಿಸಿ, ಇಗ್ನಿಷನ್ ತೆಗೆಯಿರಿ. ಅಲ್ಲಿ ಎರಡೂ ವಾಲ್ವ್ ಮುಚ್ಚಿರಬೇಕು. ಕಾದ ಎಂಜಿನ್‌ನಲ್ಲಿ ಪ್ಲಗ್ ಕೊಡುವ ಕಿಡಿಯ ಬಣ್ಣವೂ ಈ ಹೊತ್ತಿನಲ್ಲೇ ಕಣ್ಣಿಗೆ ಬೀಳುತ್ತದೆ. ಅದನ್ನು ನೆನಪಿಟ್ಟುಕೊಳ್ಳಿ.

ಬ್ಯಾರಲ್‌ನ ಬಲಬದಿಯಲ್ಲಿ, ಪುಶ್‌ರಾಡ್‌ಗಳ ಬುಡಕ್ಕಿರುವ ಟ್ಯಾಪೆಟ್ ಮುಚ್ಚಳ ಒಂದೇ ನಟ್ಟಿನಲ್ಲಿ ನಿಂತಿದೆ. ಅದನ್ನು ತೆಗೆಯಿರಿ. ಎರಡು ಪುಶ್‌ರಾಡ್ ಕಾಣುತ್ತವೆ. ಮುಂದಿನದು ಎಕ್ಸಾಸ್ಟ್. ಹೆಡ್‌ನಿಂದ ಸೈಲೆನ್ಸರ್‌ಗೆ ಹೋಗುವ ಬೆಂಡ್ ಪೈಪ್ ಕೆಂಡದಂತಿರುತ್ತದೆ, ಕೈ ತಾಗದಂತೆ ಎಚ್ಚರ. ಪುಶ್‌ರಾಡನ್ನು ತಿರುಗಿಸಿ ನೋಡಿ. ತಿರುಗದೆ ಬಿಗಿಯಾಗಿ ನಿಂತಿದ್ದರೆ ಅಂತರ ಸತ್ತಿದೆ, ಪುಶ್‌ರಾಡ್ ವಾಲ್ವನ್ನು ಒತ್ತಿ ಹಿಡಿದಿದೆ. ಅದಕ್ಕೆ ಬದಲಾಗಿ ಪುಶ್‌ರಾಡ್ ಮಿಲಿಮೀಟರ್‌ಗಟ್ಟಲೆ ಮೇಲೆ ಕೆಳಗೆ ಕುಣಿದರೆ ವಾಲ್ವ್ ಗೈಡ್‌ನಲ್ಲಿ ಸಿಕ್ಕಿಕೊಂಡಿದೆ. ಸ್ಪ್ರಿಂಗ್‌ಗೆ ವಾಲ್ವನ್ನು ಮೇಲೆಳೆಯಲು ಆಗದೆ, ಪುಶ್‌ರಾಡ್‌ಗೂ ವಾಲ್ವ್‌ಗೂ ನಡುವಿನ ಸನ್ನೆಯಾದ ರಾಕರ್ ಕೆಳಗೇ ಉಳಿದು, ಪುಶ್‌ರಾಡ್‌ಗೆ ಕೆಲಸವಿಲ್ಲದಂತಾಗಿದೆ. ಬಿಗಿಯಾದರೆ ಟ್ಯಾಪೆಟ್, ಸಡಿಲಾದರೆ ಗೈಡ್. ಮೂರನೆಯದಾಗಿ, ಪುಶ್‌ರಾಡ್ ಸಹಜವಾಗಿ ತಿರುಗಿ, ಕಾಲಿಗೆ ಕಂಪ್ರೆಷನ್ನೂ ಸಿಕ್ಕಿದರೆ ವಾಲ್ವ್ ನಿರಪರಾಧಿ. ಆಗ ಹುಡುಕಾಟ ಪೆಟ್ರೋಲ್ ಮತ್ತು ಕಿಡಿಯ ಕಡೆಗೆ ತಿರುಗಬೇಕು.

ಬಿಗಿ ಎಂದು ಗೊತ್ತಾದರೆ ಖರ್ಚಿಲ್ಲದ ರಿಪೇರಿ ಸಾಕಾಗಬಹುದು. ಗಾಡಿಯನ್ನು ರಾತ್ರಿಯಿಡೀ ತಣಿಯಲು ಬಿಟ್ಟು, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಮೊದಲು ಹೆಡ್ ನಟ್‌ಗಳ ಬಿಗಿತ ನೋಡಿ. ಹೆಡ್ ಕೆಲಸವಾದ ಮೇಲೆ ಗ್ಯಾಸ್ಕೆಟ್ ಒತ್ತಿ ಕೂರುತ್ತದೆ, ಮೊದಲ ಕೆಲವು ನೂರು ಕಿಲೋಮೀಟರ್ ನಂತರ ನಟ್‌ಗಳನ್ನು ಮತ್ತೊಮ್ಮೆ ಬಿಗಿಮಾಡಬೇಕು. ಬಿಗಿಮಾಡಿದರೆ ಹೆಡ್ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಟ್ಯಾಪೆಟ್ ಅಂತರವೂ ಅಷ್ಟೇ ಕಡಿಮೆಯಾಗುತ್ತದೆ. ನಟ್ ಮೊದಲು, ಟ್ಯಾಪೆಟ್ ಆಮೇಲೆ. ಈ ಕ್ರಮ ತಪ್ಪಿದರೆ ಮಾಡಿದ ಕೆಲಸ ವ್ಯರ್ಥ. ಆಮೇಲೆ ಕಂಪ್ರೆಷನ್ ಟಾಪ್‌ಗೆ ತಂದು, ಟ್ಯಾಪೆಟ್ ಕಾಂಡವನ್ನು ಒಂದು ಸ್ಪಾನರ್‌ನಲ್ಲಿ ಹಿಡಿದು, ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರ್ ತಿರುಗಿಸಿ. ಇನ್‌ಲೆಟ್ ಪುಶ್‌ರಾಡ್ ಅಲ್ಲಾಡದೆ ಸಲೀಸಾಗಿ ತಿರುಗಿದರೆ ಸಾಕು. ಘಾಟಿ ಓಡಾಟದವರ ಗಾಡಿಗೆ ಎಕ್ಸಾಸ್ಟ್ ಕಡೆ ನಾನು ಬೆರಳಿಗೆ ಆಗಷ್ಟೇ ತಿಳಿಯುವಷ್ಟು ಸಡಿಲು ಬಿಡುತ್ತೇನೆ, ಸುಮಾರು 0.05 ಮಿಲಿಮೀಟರ್. ಲಾಕ್ ನಟ್ ಬಿಗಿಮಾಡುವಾಗ ಅಂತರ ಬದಲಾಗುತ್ತದೆ, ಆದ್ದರಿಂದ ಬಿಗಿಮಾಡಿದ ಮೇಲೆ ಮತ್ತೆ ತಿರುಗಿಸಿ ನೋಡಿ. ನಾಲ್ಕೈದು ಸಲ ಎಂಜಿನ್ ಸುತ್ತಿಸಿ ಪುನಃ ಟಾಪ್‌ಗೆ ತಂದು ಇನ್ನೊಮ್ಮೆ ನೋಡಿ. ಬೇಸರಪಡಬೇಡಿ, ಇದು ಒಂದು ಗಂಟೆಯ ಕೆಲಸ.

ಸರಿಮಾಡಿದ ಮೇಲೂ 500 ಕಿಲೋಮೀಟರ್‌ನೊಳಗೆ ಎಕ್ಸಾಸ್ಟ್ ಅಂತರ ಮತ್ತೆ ಮತ್ತೆ ಸತ್ತರೆ ಅದರ ಅರ್ಥ ಬೇರೆ. ವಾಲ್ವ್ ಸೀಟನ್ನು ತಿನ್ನುತ್ತಾ ಹೆಡ್‌ನೊಳಕ್ಕೆ ಇಳಿಯುತ್ತಿದೆ. 1986ರ ಗಾಡಿ ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲ್‌ನ ಕಾಲದಲ್ಲಿ. ಉರಿದ ಸೀಸ ಸೀಟಿನ ಮೇಲೆ ತೆಳು ಪದರವಾಗಿ ಕೂತು ಸವೆತ ತಡೆಯುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಜನರ ಆರೋಗ್ಯಕ್ಕೆ ಅದು ಆಗಲೇಬೇಕಿದ್ದ ಕೆಲಸ, ಆದರೆ ಹಳೆಯ ಮೃದು ಸೀಟುಗಳ ರಕ್ಷಣೆ ಹೋಯಿತು. ಸೀಟು ಇಳಿಯುತ್ತಿದ್ದರೆ ಹೆಡ್ ಬಿಚ್ಚಿಸಿ, ಗಟ್ಟಿ ಲೋಹದ ಹೊಸ ಸೀಟು ಹಾಕಿಸುವುದೇ ಪರಿಹಾರ. ಅದಕ್ಕೆ ಲೇತ್ ಕೆಲಸ ಚೆನ್ನಾಗಿ ಬಲ್ಲವರು ಬೇಕು. ಹಾಗಿದ್ದರೂ ಹೊಸ ಹೆಡ್ ಬೇಕಿಲ್ಲ. ಹಳೆಯ ಹೆಡ್‌ನಲ್ಲಿ ಬಿರುಕಿಲ್ಲದಿದ್ದರೆ ಅದನ್ನೇ ಉಳಿಸಿಕೊಳ್ಳಿ.

ಗೈಡ್ ಎಂದು ಗೊತ್ತಾದರೂ ಹೆಡ್ ಬಿಚ್ಚಲೇಬೇಕು. ಆಗ ಎದುರಲ್ಲೇ ಕೂತು ಮೂರು ಸಂಗತಿ ಕೇಳಿ ಮಾಡಿಸಿಕೊಳ್ಳಿ. ಗೈಡನ್ನು ರೀಮ್ ಮಾಡಿದ ಮೇಲೆ, ಎಣ್ಣೆ ಸವರಿದ ವಾಲ್ವ್ ತನ್ನ ಭಾರಕ್ಕೇ ಜಾರಿ ಇಳಿಯಬೇಕು. ತಳ್ಳಿದರೆ ಮಾತ್ರ ಇಳಿಯುವ ವಾಲ್ವ್ ಘಾಟಿಯಲ್ಲಿ ಮತ್ತೆ ಸಿಕ್ಕಿಕೊಳ್ಳುತ್ತದೆ. ಗೈಡ್ ಬದಲಾದರೆ ಅದರ ನಡುಗೆರೆಯೂ ತುಸು ಸರಿದಿರುತ್ತದೆ, ಆದ್ದರಿಂದ ಸೀಟನ್ನೂ ಹೊಸದಾಗಿ ಕಟ್ ಮಾಡಬೇಕು. ಪೇಸ್ಟ್ ಹಾಕಿ ಉಜ್ಜಿದರೆ ಓರೆಯಾದ ಸೀಟು ನೆಟ್ಟಗಾಗುವುದಿಲ್ಲ. ಕೊನೆಗೆ ಸ್ಪ್ರಿಂಗ್ ಹಾಕಿ, ಪ್ಲಗ್ ಬಿಗಿಮಾಡಿ, ಹೆಡ್ಡನ್ನು ಓರೆಯಾಗಿಟ್ಟು ಒಂದೊಂದೇ ಪೋರ್ಟ್‌ಗೆ ಸೀಮೆಎಣ್ಣೆ ತುಂಬಿಸಿ ಹತ್ತು ನಿಮಿಷ ಬಿಡಿ. ವಾಲ್ವ್‌ನ ಅಂಚಿನಲ್ಲಿ ಒಂದು ಹನಿಯೂ ಜಿನುಗಬಾರದು. ಇಷ್ಟನ್ನು ಸಂತೋಷದಿಂದ ಮಾಡಿ ತೋರಿಸುವ ಮೆಕ್ಯಾನಿಕ್ ಸಿಕ್ಕರೆ ಕೇಳಿದಷ್ಟು ಕೂಲಿ ಕೊಡಿ.

ಬೋರ್ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಕಂಪ್ರೆಷನ್ ಗೇಜ್ ಇರುವ ಕಡೆ, ಥ್ರಾಟಲ್ ಪೂರ್ತಿ ತೆರೆದು ನಾಲ್ಕೈದು ಕಿಕ್ ಹೊಡೆದು ಅಂಕಿ ಬರೆದುಕೊಳ್ಳಿ. ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಎಣ್ಣೆ ಹಾಕಿ ಮತ್ತೆ ನೋಡಿ. ಎಣ್ಣೆ ರಿಂಗ್‌ಗಳ ಸುತ್ತ ಸಂದು ಮುಚ್ಚುವುದರಿಂದ, ಅಂಕಿ ಥಟ್ಟನೆ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ಸೋರಿಕೆ ವಾಲ್ವ್‌ನಲ್ಲಿ. ಈ ಪರೀಕ್ಷೆ ಮಾಡದೆ ಬೋರ್ ಮಾಡಿಸಿ ಎನ್ನುವವರಿಗೆ ಗಾಡಿಯನ್ನು ಒಪ್ಪಿಸಬೇಡಿ.

ಇನ್ನು ಶಾಖದ ಮಾತು. ಗಾಳಿಯಿಂದ ತಣಿಯುವ ಎಂಜಿನ್ ಘಾಟಿಯಲ್ಲಿ ಬಿಸಿಯಾಗುವುದು ಸಹಜ. ಕಾಲಿಗೆ ಝಳ ತಾಗಿತು ಎಂದ ಮಾತ್ರಕ್ಕೆ ಅದು ರೋಗವಾಗುವುದಿಲ್ಲ. ಎಳೆತ ಕುಗ್ಗುವುದು, ಗಾಜಿನ ಗೋಲಿಗಳನ್ನು ಡಬ್ಬಿಯಲ್ಲಿ ಅಲ್ಲಾಡಿಸಿದಂಥ ಸದ್ದು, ಬಂದ್ ಮಾಡಿದರೂ ಎಂಜಿನ್ ಒಂದೆರಡು ಸುತ್ತು ಗುದ್ದಾಡುವುದು, ಬೆಂಡ್ ಪೈಪ್ ಹೆಡ್‌ನಿಂದ ಬಹುದೂರದವರೆಗೆ ನೀಲಿಗಟ್ಟುವುದು, ಇವು ಅತಿಶಾಖದ ಗುರುತುಗಳು. ನಿಮಗೆ ಎಳೆತ ಕುಗ್ಗುತ್ತಿರುವುದರಿಂದ, ವಾಲ್ವ್ ಸರಿಪಡಿಸಿದ ಮೇಲೂ ಶಾಖ ಹೆಚ್ಚಿಸುವ ಉಳಿದ ಕಾರಣಗಳನ್ನು ನೋಡಿಬಿಡಿ. ಇಲ್ಲದಿದ್ದರೆ ಹೊಸ ವಾಲ್ವೂ ಅದೇ ದಾರಿ ಹಿಡಿಯುತ್ತದೆ.

ಹಳೆಯ ಬುಲೆಟ್‌ಗಳಲ್ಲಿ ಜನ ಬಹಳ ಅಲಕ್ಷ್ಯ ಮಾಡುವುದು ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ. ಪಾಯಿಂಟ್‌ನ ಹಿಮ್ಮಡಿ ಕ್ಯಾಮ್‌ಗೆ ಉಜ್ಜಿ ಸವೆದಂತೆ ಗ್ಯಾಪ್ ಕಡಿಮೆಯಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ತಡವಾಗಿ ಹೊತ್ತಿದ ಬೆಂಕಿ ಪಿಸ್ಟನ್ ತಳ್ಳಿ ಮುಗಿಯುವ ಮೊದಲೇ ಎಕ್ಸಾಸ್ಟ್ ವಾಲ್ವ್ ತೆರೆದುಕೊಳ್ಳುತ್ತದೆ, ಉರಿಯುತ್ತಿರುವ ಅನಿಲ ವಾಲ್ವ್‌ನ ಕತ್ತಿನ ಸುತ್ತಲೇ ಹಾಯುತ್ತದೆ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಇರಲಿ. ಗ್ಯಾಪ್ ಹೊಂದಿಸಿದ ಮೇಲೆಯೇ ಟೈಮಿಂಗ್ ನೋಡಿ. ಪಾಯಿಂಟ್ ಕೆಳಗಿರುವ, ವೇಗ ಏರಿದಂತೆ ಕಿಡಿಯನ್ನು ಮುಂಚಿತವಾಗಿಸುವ ಆಟೊ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದು ಅಲುಗಾಡದೆ ಕೂತಿರುವುದೂ ಸಾಮಾನ್ಯ, ಮಲೆನಾಡಿನ ಮಳೆಗೆ ಮನೆಯೊಳಗಿನ ಕಬ್ಬಿಣವೇ ತುಕ್ಕು ಹಿಡಿಯುವಾಗ ಇದು ಹಿಡಿಯದಿರುತ್ತದೆಯೇ? ಕೈಯಿಂದ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಎಳೆತಕ್ಕೆ ಥಟ್ಟನೆ ಹಿಂದಕ್ಕೆ ಬರಬೇಕು. ಬಾರದಿದ್ದರೆ ಬಿಚ್ಚಿ, ತೊಳೆದು, ತೆಳು ಎಣ್ಣೆ ಹಾಕಿ.

ಎರಡನೆಯದು ಗಾಳಿ ಮತ್ತು ಪೆಟ್ರೋಲ್‌ನ ಮಿಶ್ರಣ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಪ್ರತಿಶತದವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತಿದೆ. ಶುದ್ಧ ಪೆಟ್ರೋಲ್ ಸಂಪೂರ್ಣ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ, ಎಥೆನಾಲ್ ಬೆರೆತ ಪೆಟ್ರೋಲ್‌ಗೆ ಸುಮಾರು 13.5 ಪಾಲು ಸಾಕು. ಹೊಸ ಗಾಡಿಗಳ ಕಂಪ್ಯೂಟರ್ ಇದನ್ನು ಅರಿತು ಹೆಚ್ಚು ಪೆಟ್ರೋಲ್ ಚಿಮ್ಮಿಸುತ್ತದೆ. ನಿಮ್ಮ ಕಾರ್ಬ್ಯುರೇಟರ್‌ನ ಜೆಟ್‌ಗೆ ಅಂಥ ಬುದ್ಧಿ ಇಲ್ಲ, ಅದು ತನ್ನ ತೂತಿನ ಅಳತೆಯಷ್ಟನ್ನೇ ಕೊಡುತ್ತದೆ. ಆದ್ದರಿಂದ ಮೊದಲು ಸರಿಯಾಗಿದ್ದ ಮಿಶ್ರಣ ಈಗ ಬಡವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುವುದಿಲ್ಲ. ಘಾಟಿ ಹತ್ತುತ್ತಿರುವಾಗಲೇ ಎಂಜಿನ್ ಬಂದ್ ಮಾಡಿ, ಕ್ಲಚ್ ಹಿಡಿದು ಬದಿಗೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಕಂದು ಬಣ್ಣ ಕ್ಷೇಮ. ಸುಣ್ಣದಂತೆ ಬಿಳಿಚಿದ್ದರೆ ಮಿಶ್ರಣ ಬಡವಾಗಿದೆ. ಆದರೆ ಜೆಟ್ ಬದಲಿಸುವ ಮೊದಲು ಕಾರ್ಬ್ಯುರೇಟರ್ ಮತ್ತು ಹೆಡ್ ನಡುವಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆಯೇ ನೋಡಬೇಕು. ಐಡ್ಲಿಂಗ್‌ನಲ್ಲಿ ಓಡುವಾಗ ಆ ಜೋಡಣೆಗೆ ಸೋಪಿನ ನೀರು ಸವರಿ. ಎಂಜಿನ್‌ನ ಲಯ ಬದಲಾದರೆ ಅಲ್ಲೇ ಸಂದು ಇದೆ. ಸಂದಿಲ್ಲದಿದ್ದರೆ ಕಾರ್ಬ್ಯುರೇಟರ್ ಒಳಗಿನ ಸೂಜಿಯಾದ ನೀಡಲ್‌ನ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ, ಸಾಲದಿದ್ದರೆ ಮುಖ್ಯ ಜೆಟ್ ಒಂದು ಅಳತೆ ದೊಡ್ಡದು ಹಾಕಿ. ಒಂದೊಂದೇ ಬದಲಾವಣೆ ಮಾಡಿ, ಪ್ರತಿ ಬಾರಿಯೂ ಅದೇ ಘಾಟಿಯಲ್ಲಿ ಪ್ಲಗ್ ಓದಿ.

ಎಣ್ಣೆಯ ವಿಷಯದಲ್ಲಿ ಸಣ್ಣ ಪರೀಕ್ಷೆಯೊಂದಿದೆ. ರಾಕರ್‌ಗಳಿಗೆ ಹೋಗುವ ಹೊರಗಿನ ಪೈಪಿನ ಮೇಲ್ತುದಿಯ ಬೋಲ್ಟನ್ನು ತುಸು ಸಡಿಲಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಎಣ್ಣೆ ಜಿನುಗಬೇಕು. ಜಿನುಗದಿದ್ದರೆ ಕೂಡಲೇ ಬಂದ್ ಮಾಡಿ ಪಂಪ್ ಮತ್ತು ಪೈಪ್ ನೋಡಿಸಿ, ಅಲ್ಲಿಯವರೆಗೆ ಗಾಡಿ ಓಡಿಸಲೇಬೇಡಿ. ಎಣ್ಣೆಯ ಜೊತೆ ಫಿಲ್ಟರ್ ಬದಲಿಸುವುದನ್ನು ಮರೆಯಬೇಡಿ. ಬ್ಯಾರಲ್‌ನ ರೆಕ್ಕೆಗಳ ನಡುವೆ ಕೆಸರು ಒಣಗಿ ಕೂತಿದ್ದರೆ ಕೆರೆದು ತೆಗೆಯಿರಿ, ಅಂದಕ್ಕೆಂದು ದಪ್ಪ ಬಣ್ಣ ಬಳಿಸಬೇಡಿ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತಿರುಗಿಸಿ ನೋಡಿ. ಬ್ರೇಕ್ ಉಜ್ಜುತ್ತಿದ್ದರೆ ಎಂಜಿನ್ ಘಾಟಿಯ ಜೊತೆಗೆ ಬ್ರೇಕನ್ನೂ ಎಳೆಯುತ್ತಿರುತ್ತದೆ.

ಮೂರನೆಯ ಸಾಧ್ಯತೆ ಎಂದೆನಲ್ಲ, ಕಂಪ್ರೆಷನ್ ಚೆನ್ನಾಗಿದ್ದೂ ಗಾಡಿ ನಿಲ್ಲುವುದು. ಹಾಗಾದರೆ ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತೆರೆಯಿರಿ. ಬುಸ್ ಎಂದು ಗಾಳಿ ಒಳಗೆ ಹೋಗಿ, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ, ಸೂಜಿಯಲ್ಲಿ ಬಿಡಿಸಿದರೆ ಆಯಿತು. ಕಾದ ಎಂಜಿನ್‌ನಲ್ಲಿ ಕಿಡಿ ಹಳದಿಯಾಗಿ ಸೊರಗಿ, ತಣಿದ ಮೇಲೆ ನೀಲಿಯಾಗುತ್ತಿದ್ದರೆ ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಅಥವಾ ಪಾಯಿಂಟ್‌ಗೆ ಜೋಡಿಸಿದ ಕಂಡೆನ್ಸರ್ ಬದಲಿಸಿ. ಪಾಯಿಂಟ್‌ಗಳ ನಡುವೆಯೇ ದಪ್ಪ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಎಂದು ಇನ್ನೂ ಖಚಿತ.

ಈಗ ನೀವು ಮಾಡಬೇಕಾದದ್ದು: ಮೊದಲು ಡಿಕಂಪ್ರೆಸರ್ ಕೇಬಲ್, ಆಮೇಲೆ ನಾಳೆ ಬೆಳಿಗ್ಗೆ ತಣ್ಣಗಿರುವಾಗ ಕಂಪ್ರೆಷನ್ ಟಾಪ್‌ಗೆ ತಂದು ಎಕ್ಸಾಸ್ಟ್ ಪುಶ್‌ರಾಡ್ ತಿರುಗುತ್ತದೆಯೇ ಎಂದು ನೋಡುವುದು. ಅದು ಬಿಗಿಯಾಗಿದ್ದರೆ ನನ್ನ ಊಹೆ ಅಲ್ಲೇ ಸಾಬೀತಾಯಿತು, ಘಾಟಿಯ ಪರೀಕ್ಷೆಯೂ ಬೇಕಿಲ್ಲ. ಟ್ಯಾಪೆಟ್ ಸರಿಮಾಡಿ ಕಿಕ್ಕರ್ ಮೇಲೆ ನಿಂತು ನೋಡಿ. ಎಂಜಿನ್ ನಿಮ್ಮ ಭಾರ ಹೊತ್ತರೆ ವಾಲ್ವ್ ಇನ್ನೂ ಸುಟ್ಟಿಲ್ಲ. ಹೊರದೆ ಸೈಲೆನ್ಸರ್‌ನಲ್ಲಿ ಚುಸ್ ಎಂದರೆ ಅಂಚು ಸುಟ್ಟಿದೆ, ಹೆಡ್ ಬಿಚ್ಚಿ ವಾಲ್ವ್ ಬದಲಿಸಿ ಸೀಟು ಕಟ್ ಮಾಡಿಸಬೇಕು. ಅಲ್ಲಿಯವರೆಗೆ ಘಾಟಿ ಹತ್ತುವುದು ಬೇಡ. ಹತ್ತಲೇಬೇಕಾದರೆ ಎಳೆತ ಕುಗ್ಗಿದ ಕ್ಷಣವೇ ಕ್ಲಚ್ ಹಿಡಿದು ಬದಿಗೆ ನಿಲ್ಲಿಸಿ. ಬಿಸಿ ರೆಕ್ಕೆಗಳ ಮೇಲೆ ನೀರು ಮಾತ್ರ ಸುರಿಯಬೇಡಿ, ಎರಕದ ಕಬ್ಬಿಣ ಬಿರುಕು ಬಿಡುತ್ತದೆ.